ಒಮ್ಮೆ ಲಾಗಿನ್, ಹಲವೆಡೆ ಪ್ರವೇಶ: ಸಿಂಗಲ್ ಸೈನ್-ಆನ್ ಕೆಲಸ ಮಾಡುವ ಬಗೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ನೇತ್ರಾವತಿಗೆ ಅಂಟಿಕೊಂಡಂತಿರುವ ಪೇಟೆ ಫರಂಗಿಪೇಟೆ. ಬಂಟ್ವಾಳ ತಾಲೂಕಿನ ಪುದು ಗ್ರಾಮಕ್ಕೆ ಸೇರಿದ ಈ ಊರಿನಿಂದ ಬೆಳಿಗ್ಗೆ ಬಸ್ಸು ಹತ್ತುವವರಲ್ಲಿ ಮಂಗಳೂರಿನ ಬ್ಯಾಂಕ್ ನೌಕರರಿದ್ದಾರೆ, ತುಂಬೆಯ ಆಸ್ಪತ್ರೆಗೆ ಹೋಗುವ ಸಿಬ್ಬಂದಿ ಇದ್ದಾರೆ, ಬಿ.ಸಿ. ರೋಡಿನ ಸರ್ಕಾರಿ ಕಚೇರಿಗಳಿಗೆ ಹೋಗುವವರಿದ್ದಾರೆ. ಹೊಳೆಯಾಚೆ ಮುಡಿಪುವಿನಲ್ಲಿ ಇನ್ಫೋಸಿಸ್‌ನ ದೊಡ್ಡ ಕ್ಯಾಂಪಸ್ಸೇ ಇದೆ. ಇವರಲ್ಲಿ ಬಹುಪಾಲು ಜನ ಕುರ್ಚಿಯಲ್ಲಿ ಕೂತ ಕೂಡಲೇ ಮಾಡುವ ಮೊದಲ ಕೆಲಸ ಲಾಗಿನ್. ಯೂಸರ್ ಐಡಿ, ಪಾಸ್‌ವರ್ಡ್, ಮೊಬೈಲಿಗೆ ಬರುವ ಒಂದು ಕೋಡ್. ಆಮೇಲೆ ಇಮೇಲ್ ತೆರೆದರೂ, ರಜೆ ಅರ್ಜಿ ಹಾಕಿದರೂ, ಸಂಬಳದ ಸ್ಲಿಪ್ ನೋಡಿದರೂ ಯಾರೂ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಈ ಅನುಕೂಲದ ಹಿಂದಿರುವ ವ್ಯವಸ್ಥೆಯೇ ಸಿಂಗಲ್ ಸೈನ್-ಆನ್.

ಇದನ್ನು ‘ಎಲ್ಲದಕ್ಕೂ ಒಂದೇ ಪಾಸ್‌ವರ್ಡ್’ ಎಂದು ತಿಳಿದವರು ತುಂಬಾ ಮಂದಿ. ಹತ್ತು ಸಾಫ್ಟ್‌ವೇರ್‌ಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟರೆ ಆ ಹತ್ತೂ ಕಡೆ ಅದರ ಗುರುತು ಉಳಿದಿರುತ್ತದೆ, ಒಂದು ಕಡೆ ಸೋರಿದರೆ ಹತ್ತೂ ಹೋದಂತೆ. ಸಿಂಗಲ್ ಸೈನ್-ಆನ್‌ನಲ್ಲಿ ಪಾಸ್‌ವರ್ಡ್ ತಿಳಿದಿರುವುದು ಒಂದೇ ಕಡೆಗೆ, ಉಳಿದ ಸಾಫ್ಟ್‌ವೇರ್‌ಗಳು ಅದನ್ನು ಕಣ್ಣಿಂದಲೂ ನೋಡುವುದಿಲ್ಲ. ‘ಇವರು ಇಂಥವರೇ ಹೌದು’ ಎಂದು ಆ ಒಂದು ಕಡೆಯಿಂದ ಬರುವ ಸಹಿ ಹಾಕಿದ ಮಾತನ್ನು ಅವು ನಂಬುತ್ತವೆ, ಅಷ್ಟೆ. ಆದ್ದರಿಂದ ಈ ವಿಷಯವನ್ನು ಅನುಕೂಲದ ಕಡೆಯಿಂದ ನೋಡುವುದಕ್ಕಿಂತ ನಂಬಿಕೆಯ ಕಡೆಯಿಂದ ನೋಡುವುದು ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಯಾರ ಮಾತನ್ನು ಯಾರು ನಂಬುತ್ತಾರೆ, ಎಷ್ಟು ಹೊತ್ತು ನಂಬುತ್ತಾರೆ, ನಂಬಿಕೆ ಹಿಂತೆಗೆದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗಳೇ ಇಲ್ಲಿ ಮುಖ್ಯ.

ಪಾಸ್‌ವರ್ಡ್‌ಗಳು ರಾಶಿ ಬಿದ್ದದ್ದು

ಕರಾವಳಿಯ ಬ್ಯಾಂಕುಗಳ ಇತಿಹಾಸ ಇಲ್ಲಿ ಒಳ್ಳೆಯ ಉದಾಹರಣೆ. ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1925ರ ಸಿಂಡಿಕೇಟ್ ಬ್ಯಾಂಕ್, 1931ರ ವಿಜಯಾ ಬ್ಯಾಂಕ್ ಎಲ್ಲವೂ ದಪ್ಪ ಲೆಡ್ಜರುಗಳ ಕಾಲದಲ್ಲಿ ಬೆಳೆದವು. ಆಗ ಗುಮಾಸ್ತರ ಗುರುತು ಎಂದರೆ ಅವರ ಮುಖ, ಅಕ್ಷರ ಮತ್ತು ಸಹಿ. ಕಂಪ್ಯೂಟರ್ ಬಂದದ್ದು ಮೊದಲು ಶಾಖೆಗೊಂದು ಸಾಫ್ಟ್‌ವೇರ್ ಎಂಬ ಲೆಕ್ಕದಲ್ಲಿ. ಬಳಿಕ ಎಲ್ಲ ಶಾಖೆಗಳೂ ಒಂದೇ ಕೇಂದ್ರಕ್ಕೆ ಸೇರಿದ ಕೋರ್ ಬ್ಯಾಂಕಿಂಗ್ ಬಂತು. ಅದರ ಸುತ್ತ ಇಮೇಲ್, ಸಾಲ ಮಂಜೂರಾತಿ, ಸಿಬ್ಬಂದಿ ವಿಭಾಗ, ಆಡಿಟ್, ತರಬೇತಿ ಎಂದು ಒಂದೊಂದೇ ಸಾಫ್ಟ್‌ವೇರ್ ಸೇರುತ್ತ ಹೋಯಿತು.

ಆಸ್ಪತ್ರೆ, ವಿಶ್ವವಿದ್ಯಾಲಯ, ಕಾರ್ಖಾನೆ ಎಲ್ಲಿ ನೋಡಿದರೂ ಇದೇ ಕತೆ. ಬೇರೆ ಬೇರೆ ವರ್ಷ ಬೇರೆ ಬೇರೆ ಕಂಪನಿಯಿಂದ ಕೊಂಡ ಸಾಫ್ಟ್‌ವೇರ್‌ಗಳು ತಮ್ಮ ತಮ್ಮ ಬಳಕೆದಾರರ ಪಟ್ಟಿಯನ್ನು ತಾವೇ ಇಟ್ಟುಕೊಂಡವು. ಒಂದರಲ್ಲಿ ಯೂಸರ್ ಐಡಿ ಎಂದರೆ ಸಿಬ್ಬಂದಿ ಸಂಖ್ಯೆ, ಇನ್ನೊಂದರಲ್ಲಿ ಇಮೇಲ್, ಮತ್ತೊಂದರಲ್ಲಿ ಹೆಸರಿನ ಮೊದಲ ಅಕ್ಷರ ಮತ್ತು ಮನೆತನದ ಹೆಸರು. ಒಂದು ಸಾಫ್ಟ್‌ವೇರ್ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎನ್ನುತ್ತದೆ, ಇನ್ನೊಂದು ತಿಂಗಳಿಗೊಮ್ಮೆ. ಇಷ್ಟೆಲ್ಲ ನೆನಪಿಡುವುದು ಯಾರಿಂದಲೂ ಆಗದ ಕೆಲಸ. ಜನ ತಮಗೆ ತಿಳಿದ ಉಪಾಯ ಮಾಡಿದರು: ಕೊನೆಯ ಅಂಕೆ ಒಂದೊಂದೇ ಏರಿಸುವುದು, ಕೀಬೋರ್ಡಿನ ಅಡಿಗೆ ಚೀಟಿ ಸಿಕ್ಕಿಸುವುದು, ಪಕ್ಕದ ಮೇಜಿನವರಿಗೆ ಹೇಳಿಡುವುದು. ಸೋಮವಾರ ಬೆಳಿಗ್ಗೆ ಹೆಲ್ಪ್‌ಡೆಸ್ಕಿಗೆ ಬರುವ ಕರೆಗಳಲ್ಲಿ ‘ಐಡಿ ಲಾಕ್ ಆಗಿದೆ, ಒಮ್ಮೆ ರೀಸೆಟ್ ಮಾಡಿ ಕೊಡಿ’ ಎಂಬುದು ಎಲ್ಲ ಕಚೇರಿಗಳಲ್ಲೂ ಹಳೆಯ ಪಲ್ಲವಿ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ, ಪಾಸ್‌ವರ್ಡ್ ಸೋರಿದ ಸುಳಿವಿಲ್ಲದೆ ಕಾಲಕಾಲಕ್ಕೆ ಅದನ್ನು ಬದಲಿಸುವಂತೆ ಬಲವಂತ ಮಾಡುವುದು ಬೇಡ ಎಂದು ಹೇಳಿತು. ಆ ಮಾತು ನಮ್ಮ ಹಲವು ಕಚೇರಿಗಳಿಗೆ ಇನ್ನೂ ತಲುಪಿಲ್ಲ.

ಮೂವರ ನಡುವಿನ ಒಪ್ಪಂದ

ಸಿಂಗಲ್ ಸೈನ್-ಆನ್‌ನಲ್ಲಿ ಪಾತ್ರಗಳು ಮೂರು: ಬಳಕೆದಾರ, ಗುರುತು ಖಾತ್ರಿಪಡಿಸುವ ಸರ್ವರ್, ಮತ್ತು ಬಳಕೆದಾರನಿಗೆ ಬೇಕಾದ ಸಾಫ್ಟ್‌ವೇರ್. ನಡುವಿನದಕ್ಕೆ ಐಟಿ ವಿಭಾಗದವರು ಐಡೆಂಟಿಟಿ ಪ್ರೊವೈಡರ್ ಎನ್ನುತ್ತಾರೆ. ಈ ಲೇಖನದಲ್ಲಿ ಗುರುತು ಸರ್ವರ್ ಎಂದು ಕರೆಯೋಣ.

ನಾಡಕಚೇರಿಯಲ್ಲಿ ಪಡೆದ ವಾಸಸ್ಥಳ ದೃಢೀಕರಣ ಪತ್ರವನ್ನು ಕಾಲೇಜಿಗೆ ಕೊಟ್ಟಾಗ ಆಗುವುದೂ ಇದೇ. ಕಾಲೇಜಿನವರು ಪುದುವಿಗೆ ಬಂದು ನಿಮ್ಮ ಮನೆ ನೋಡುವುದಿಲ್ಲ. ನೋಡುವ ಕೆಲಸ ಗ್ರಾಮ ಆಡಳಿತಾಧಿಕಾರಿಯದು, ಸಹಿ ನಾಡಕಚೇರಿಯದು, ಆ ಸಹಿಯನ್ನು ನಂಬುವುದು ಕಾಲೇಜು. ಪತ್ರ ಹೊತ್ತು ಒಯ್ಯುವವರು ನೀವು. ಪತ್ರದ ಮೇಲಿನ ಸಂಖ್ಯೆಯನ್ನು ಆನ್‌ಲೈನಿನಲ್ಲಿ ಪರಿಶೀಲಿಸಿದರೆ ಅದು ಅಸಲಿಯೋ ನಕಲಿಯೋ ತಿಳಿಯುತ್ತದೆ. ಗುರುತು ಸರ್ವರ್ ಕೊಡುವುದು ಇಂಥದೇ ಪತ್ರ, ಆದರೆ ಅದರ ಆಯುಸ್ಸು ವರ್ಷಗಳದ್ದಲ್ಲ, ಕೆಲವೇ ನಿಮಿಷಗಳದ್ದು.

ಕಚೇರಿಯ ಒಳಗಿನ ಜಾಲ: ಕರ್ಬರೋಸ್

ಈ ಯೋಚನೆಗೆ ಕಚೇರಿಯ ಕಂಪ್ಯೂಟರುಗಳಲ್ಲಿ ನೆಲೆ ಕೊಟ್ಟದ್ದು ಅಮೆರಿಕದ ಎಂಐಟಿ. 1983ರಲ್ಲಿ ಅಲ್ಲಿ ಆರಂಭವಾದ ‘ಪ್ರಾಜೆಕ್ಟ್ ಅಥೀನಾ’ದಡಿ ಕ್ಯಾಂಪಸ್ಸಿನ ತುಂಬ ಕಂಪ್ಯೂಟರುಗಳನ್ನು ಹರಡಿ, ಯಾವ ವಿದ್ಯಾರ್ಥಿಯಾದರೂ ಯಾವ ಯಂತ್ರದ ಮುಂದಾದರೂ ಕೂತು ಕೆಲಸ ಮಾಡುವಂತೆ ಮಾಡಬೇಕಿತ್ತು. ತಂತಿಯ ಮೇಲೆ ಪಾಸ್‌ವರ್ಡ್ ಹರಿದರೆ ಅದನ್ನು ಕದ್ದು ಓದುವವರು ಇದ್ದೇ ಇರುತ್ತಾರೆ. ನೀಧಮ್ ಮತ್ತು ಶ್ರೋಡರ್ ಎಂಬ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ್ದ ಕ್ರಮವನ್ನು ಆಧರಿಸಿ ಅಲ್ಲಿ ಕರ್ಬರೋಸ್ ಎಂಬ ವ್ಯವಸ್ಥೆ ರೂಪುಗೊಂಡಿತು. ಅದರ ಐದನೆಯ ಆವೃತ್ತಿ 1993ರಲ್ಲಿ ಪ್ರಕಟವಾಯಿತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ 2000ದ ಜೊತೆ ಬಳಕೆದಾರರ ಪಟ್ಟಿ ಇಡುವ ಆಕ್ಟಿವ್ ಡೈರೆಕ್ಟರಿಯನ್ನು ತಂದು, ಅದರೊಳಗೆ ಕರ್ಬರೋಸನ್ನು ಅಳವಡಿಸಿದ ಮೇಲೆ ಲೋಕದ ಕಚೇರಿಗಳಿಗೆಲ್ಲ ಇದು ಹಬ್ಬಿತು. ಐಟಿ ಸಿಬ್ಬಂದಿ ‘ಎಡಿ ಪಾಸ್‌ವರ್ಡ್’ ಎಂದು ದಿನವೂ ಹೇಳುವುದು ಈ ಆಕ್ಟಿವ್ ಡೈರೆಕ್ಟರಿಯ ಪಾಸ್‌ವರ್ಡನ್ನೇ.

ಬೆಳಿಗ್ಗೆ ವಿಂಡೋಸ್‌ಗೆ ಪಾಸ್‌ವರ್ಡ್ ಹಾಕಿದಾಗ ಯಂತ್ರ ಅದರಿಂದ ಒಂದು ರಹಸ್ಯ ಕೀಲಿಯನ್ನು ತಯಾರಿಸುತ್ತದೆ. ಪಾಸ್‌ವರ್ಡ್ ಯಂತ್ರದಿಂದ ಹೊರಗೆ ಹೋಗುವುದೇ ಇಲ್ಲ. ಆ ಕೀಲಿಯಿಂದ ಈ ಕ್ಷಣದ ಸಮಯವನ್ನು ಗೂಢಲಿಪಿಗೆ ತಿರುಗಿಸಿ ಕೇಂದ್ರ ಸರ್ವರಿಗೆ ಕಳುಹಿಸುತ್ತದೆ. ಕೇಂದ್ರಕ್ಕೂ ಅದೇ ಕೀಲಿ ಗೊತ್ತಿರುವುದರಿಂದ ಬಿಡಿಸಿ ನೋಡಿ ಖಚಿತಪಡಿಸಿಕೊಳ್ಳುತ್ತದೆ, ಬಳಿಕ ಒಂದು ಮೂಲ ಟಿಕೆಟ್ ಕೊಡುತ್ತದೆ. ಹಂಚಿಕೆಯ ಫೋಲ್ಡರ್ ತೆರೆಯಬೇಕೇ, ಪ್ರಿಂಟರ್ ಬೇಕೇ, ಒಳಗಿನ ವೆಬ್‌ಸೈಟ್ ಬೇಕೇ, ಪ್ರತಿ ಸಲವೂ ಯಂತ್ರ ತಾನೇ ಮೂಲ ಟಿಕೆಟ್ ತೋರಿಸಿ ಆ ಸೇವೆಗೆಂದೇ ಇರುವ ಬೇರೆ ಟಿಕೆಟ್ ಪಡೆದುಕೊಳ್ಳುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುವುದರಿಂದ ಕೂತವರಿಗೆ ಏನೂ ತಿಳಿಯುವುದಿಲ್ಲ. ವಿಂಡೋಸ್‌ನಲ್ಲಿ ಟಿಕೆಟ್ಟಿನ ಆಯುಸ್ಸು ಸಾಮಾನ್ಯವಾಗಿ 10 ಗಂಟೆ. ಕಚೇರಿಯ ಒಂದು ದಿನಕ್ಕೆ ಸಾಕು, ಕದ್ದವರಿಗೆ ಬಹುಕಾಲ ಉಪಯೋಗಕ್ಕೆ ಬಾರದು.

ಇಲ್ಲಿ ಗಡಿಯಾರದ ಪಾತ್ರ ದೊಡ್ಡದು. ಕಳುಹಿಸಿದ ಸಮಯಕ್ಕೂ ಸರ್ವರಿನ ಸಮಯಕ್ಕೂ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಇರಕೂಡದು. ಇಲ್ಲವಾದರೆ ನಿನ್ನೆ ಕದ್ದಿಟ್ಟ ಸಂದೇಶವನ್ನು ಇಂದು ಮತ್ತೆ ಕಳುಹಿಸಿ ಒಳಗೆ ನುಗ್ಗಬಹುದು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟು ಗಾತ್ರದ ಒಂದು ಸೆಲ್ ಇರುತ್ತದೆ. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗ ಯಂತ್ರದ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಕೈಕೊಡುತ್ತದೆ. ಅನುಭವಿ ಟೆಕ್ನಿಷಿಯನ್ ಇಂಥ ದೂರು ಬಂದರೆ ಮೊದಲು ಪರದೆಯ ಬಲಗಡೆ ಕೆಳಮೂಲೆಯ ಗಂಟೆ ಮತ್ತು ತಾರೀಕು ನೋಡುವುದು ಇದಕ್ಕೇ. ಭಾರತದ ಸೈಬರ್ ತುರ್ತುಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕು, ಲಾಗ್‌ಗಳನ್ನು 180 ದಿನ ಉಳಿಸಬೇಕು ಎಂದು ವಿಧಿಸಿತು. ಯಾರು ಯಾವಾಗ ಒಳಬಂದರು ಎಂಬ ದಾಖಲೆಗೆ ಬೆಲೆ ಬರುವುದು ಗಡಿಯಾರ ಸರಿಯಿದ್ದಾಗ ಮಾತ್ರ.

ಬ್ರೌಸರ್ ಹೊತ್ತೊಯ್ಯುವ ಪತ್ರ: ಸ್ಯಾಮಲ್

ಕರ್ಬರೋಸ್ ಹುಟ್ಟಿದ್ದು ಒಂದೇ ಕಾಂಪೌಂಡಿನೊಳಗಿನ ಜಾಲಕ್ಕೆ. ಸಾಫ್ಟ್‌ವೇರ್‌ಗಳು ಕಚೇರಿಯ ಸರ್ವರ್ ಕೋಣೆಯಿಂದ ಇಂಟರ್ನೆಟ್ಟಿಗೆ ಹೋದ ಮೇಲೆ ಬೇರೆ ದಾರಿ ಬೇಕಾಯಿತು. ಓಯಾಸಿಸ್ ಎಂಬ ಮಾನಕ ಸಂಸ್ಥೆ 2002ರಲ್ಲಿ ಸ್ಯಾಮಲ್ ಎಂಬ ಮಾನಕದ ಮೊದಲ ಆವೃತ್ತಿಯನ್ನೂ 2005ರ ಮಾರ್ಚ್‌ನಲ್ಲಿ ಎರಡನೆಯದನ್ನೂ ಹೊರತಂದಿತು. ದೊಡ್ಡ ಕಂಪನಿಗಳಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿರುವುದು ಈ ಎರಡನೆಯ ಆವೃತ್ತಿ.

ನೌಕರರೊಬ್ಬರು ರಜೆ ಅರ್ಜಿಯ ಸೈಟನ್ನು ತೆರೆದರು ಎನ್ನೋಣ. ಸೈಟಿಗೆ ಇವರು ಯಾರೆಂದು ತಿಳಿಯದು. ಅದು ಒಂದು ಕೋರಿಕೆಯನ್ನು ಬರೆದು, ಅದಕ್ಕೊಂದು ಸಂಖ್ಯೆ ಕೊಟ್ಟು, ಬ್ರೌಸರನ್ನು ಗುರುತು ಸರ್ವರಿನ ಪುಟಕ್ಕೆ ಕಳುಹಿಸುತ್ತದೆ. ಅಲ್ಲಿ ಪಾಸ್‌ವರ್ಡ್ ಮತ್ತು ಮೊಬೈಲ್ ಕೋಡ್ ಹಾಕಿದ ಮೇಲೆ ಗುರುತು ಸರ್ವರ್ ಎರಡು ಕೆಲಸ ಮಾಡುತ್ತದೆ. ‘ಇವರನ್ನು ನಾನು ಪರಿಶೀಲಿಸಿದ್ದೇನೆ’ ಎಂದು ನೆನಪಿಟ್ಟುಕೊಳ್ಳಲು ಬ್ರೌಸರಿನಲ್ಲಿ ತನ್ನದೊಂದು ಕುಕಿ ಇಡುತ್ತದೆ. ಜೊತೆಗೆ ರಜೆ ಸೈಟಿಗೆ ತಲುಪಿಸಲು ಒಂದು ಪತ್ರ ಬರೆಯುತ್ತದೆ.

ಆ ಪತ್ರದೊಳಗೆ ಇರುವುದನ್ನು ಬಿಡಿಸಿ ನೋಡಿದರೆ ಇಡೀ ವ್ಯವಸ್ಥೆ ಅರ್ಥವಾಗುತ್ತದೆ. ಮೊದಲು ಪತ್ರ ಕೊಟ್ಟವರು ಯಾರು ಎಂಬ ಸಾಲು. ಆಮೇಲೆ ಇದು ಯಾರ ಬಗ್ಗೆ ಎಂಬುದು, ಸಾಮಾನ್ಯವಾಗಿ ಇಮೇಲ್ ಅಥವಾ ಸಿಬ್ಬಂದಿ ಸಂಖ್ಯೆ. ಇದು ಯಾವ ಸೈಟಿಗೆ ಮಾತ್ರ ಸಲ್ಲುತ್ತದೆ ಎಂಬುದು ಇನ್ನೊಂದು ಸಾಲು: ರಜೆ ಸೈಟಿಗೆ ಬರೆದ ಪತ್ರವನ್ನು ಸಂಬಳದ ಸೈಟಿನಲ್ಲಿ ತೋರಿಸಿದರೆ ನಡೆಯುವುದಿಲ್ಲ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಚಾಲ್ತಿಯಲ್ಲಿದೆ ಎಂಬುದು ಮತ್ತೊಂದು, ನಡುವಿನ ಅವಧಿ ಸಾಮಾನ್ಯವಾಗಿ ಐದು ನಿಮಿಷದ ಆಸುಪಾಸು. ಯಾವ ಸಂಖ್ಯೆಯ ಕೋರಿಕೆಗೆ ಉತ್ತರ ಎಂಬುದೂ ಇರುತ್ತದೆ. ವಿಭಾಗ, ಹುದ್ದೆ ಮುಂತಾದ ವಿವರ ಬೇಕಿದ್ದರೆ ಅವೂ ಸೇರುತ್ತವೆ. ಕೊನೆಗೆ ಇದಿಷ್ಟರ ಮೇಲೆ ಗುರುತು ಸರ್ವರಿನ ಡಿಜಿಟಲ್ ಸಹಿ. ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಪಾಸ್‌ವರ್ಡ್ ಮಾತ್ರ ಈ ಪತ್ರದಲ್ಲಿ ಎಲ್ಲೂ ಇರುವುದಿಲ್ಲ.

ಬ್ರೌಸರ್ ಈ ಪತ್ರವನ್ನು ರಜೆ ಸೈಟಿಗೆ ಒಯ್ಯುತ್ತದೆ. ಲಾಗಿನ್ ಆದೊಡನೆ ಮೇಲಿನ ವಿಳಾಸದ ಪಟ್ಟಿಯಲ್ಲಿ ಎರಡು ಮೂರು ಹೆಸರು ಪಟಪಟನೆ ಬದಲಾಗಿ, ಕ್ಷಣಕಾಲ ಬಿಳಿ ಪುಟ ಕಂಡು ಮಾಯವಾಗುವುದನ್ನು ಗಮನಿಸಿದವರಿರಬಹುದು. ಪತ್ರ ಕೈಬದಲಾಗುವ ಗಳಿಗೆ ಅದು. ರಜೆ ಸೈಟು ಮತ್ತು ಗುರುತು ಸರ್ವರ್ ಆ ಹೊತ್ತಿನಲ್ಲಿ ಪರಸ್ಪರ ಮಾತಾಡುವುದೇ ಇಲ್ಲ. ಎಂದೋ ಒಂದು ದಿನ ಅಡ್ಮಿನ್‌ಗಳು ಎರಡೂ ಕಡೆ ಪರಿಚಯ ಮಾಡಿಸಿ, ಸಹಿ ಪರಿಶೀಲಿಸುವ ಸರ್ಟಿಫಿಕೇಟನ್ನು ರಜೆ ಸೈಟಿಗೆ ಕೊಟ್ಟಿಟ್ಟಿರುತ್ತಾರೆ, ಅಷ್ಟು ಸಾಕು. ಆ ಸರ್ಟಿಫಿಕೇಟಿಗೂ ಅವಧಿ ಇದೆ. ಅದು ಮುಗಿಯುವ ತಾರೀಕನ್ನು ಯಾರೂ ಬರೆದಿಡದಿದ್ದರೆ, ಒಂದು ಬೆಳಿಗ್ಗೆ ಇಡೀ ಕಚೇರಿಗೆ ಆ ಸಾಫ್ಟ್‌ವೇರ್ ತೆರೆಯದೆ ನಿಲ್ಲುತ್ತದೆ.

ಆಮೇಲೆ ಅದೇ ನೌಕರರು ಇಮೇಲ್ ತೆರೆದಾಗಲೂ ಇದೇ ಪಯಣ ಮೊದಲಿನಿಂದ ನಡೆಯುತ್ತದೆ. ವ್ಯತ್ಯಾಸ ಒಂದೇ: ಗುರುತು ಸರ್ವರ್ ತನ್ನ ಕುಕಿಯನ್ನು ನೋಡಿ, ಏನೂ ಕೇಳದೆ ಹೊಸ ಪತ್ರ ಬರೆದುಕೊಡುತ್ತದೆ.

ಸಹಿ ಪರಿಶೀಲಿಸುವ ಕೆಲಸ ಹೇಳುವಷ್ಟು ಸುಲಭವಲ್ಲ. ಜರ್ಮನಿಯ ಬೋಕುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ 14 ಸ್ಯಾಮಲ್ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದಾಗ 11ರಲ್ಲಿ ದೊಡ್ಡ ದೋಷ ಕಂಡಿತು. ಅಸಲಿ ಸಹಿಯಿದ್ದ ಭಾಗವನ್ನು ಪತ್ರದೊಳಗೆ ಬೇರೆಡೆ ಸರಿಸಿ, ಅದರ ಜಾಗದಲ್ಲಿ ಸುಳ್ಳು ಹೆಸರು ಇಟ್ಟರೂ ಅವು ಒಪ್ಪಿಕೊಳ್ಳುತ್ತಿದ್ದವು. ಸ್ವಂತವಾಗಿ ಸ್ಯಾಮಲ್ ಕೋಡ್ ಬರೆಯಲು ಹೊರಡುವ ಎಂಜಿನಿಯರುಗಳು ಈ ಅಧ್ಯಯನವನ್ನು ಓದಿಯೇ ಹೊರಡಬೇಕು. ಚೆನ್ನಾಗಿ ಪರೀಕ್ಷೆಗೊಳಗಾದ ಲೈಬ್ರರಿಗಳು ಸಿಗುವಾಗ ಹೊಸದಾಗಿ ಬರೆಯುವ ಅಗತ್ಯವೂ ಇಲ್ಲ.

ಮೊಬೈಲ್ ಕಾಲದ ಕ್ರಮ

ಸ್ಯಾಮಲ್‌ನ ಪತ್ರಗಳು ಉದ್ದ, ಮೊಬೈಲ್ ಆ್ಯಪ್‌ಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. 2012ರ ಅಕ್ಟೋಬರಿನಲ್ಲಿ ಓಆಥ್ 2.0 ಎಂಬ ಮಾನಕ ಬಂತು, ಅದರ ಮೇಲೆ 2014ರ ಫೆಬ್ರವರಿಯಲ್ಲಿ ಓಪನ್‌ಐಡಿ ಕನೆಕ್ಟ್ ಬಂತು. ‘ಗೂಗಲ್ ಮೂಲಕ ಸೈನ್ ಇನ್ ಆಗಿ’ ಎಂಬ ಬಟನ್ನಿನ ಹಿಂದಿರುವುದು ಇದು. ಇಲ್ಲಿ ಬ್ರೌಸರ್ ಒಯ್ಯುವುದು ಪತ್ರವನ್ನಲ್ಲ, ಒಮ್ಮೆ ಮಾತ್ರ ಸಲ್ಲುವ ಚಿಕ್ಕ ಕೋಡನ್ನು. ಸಾಫ್ಟ್‌ವೇರ್ ಆ ಕೋಡನ್ನು ಗುರುತು ಸರ್ವರಿಗೆ ನೇರವಾಗಿ ಕೊಟ್ಟು ಅಸಲಿ ಟೋಕನ್ ಪಡೆಯುತ್ತದೆ. ನಂಬಿಕೆಯ ತರ್ಕ ಮಾತ್ರ ಹಿಂದಿನದೇ.

ಚಿಕ್ಕ ಸಂಸ್ಥೆಗಳಿಗೂ ಇದು ದುಬಾರಿಯಲ್ಲ. ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ, ಓಕ್ಟಾ ಮುಂತಾದವು ಹಣ ಕೊಟ್ಟು ಪಡೆಯುವ ಸೇವೆಗಳಾದರೆ, ಕೀಕ್ಲೋಕ್ ಮುಕ್ತ ಸಾಫ್ಟ್‌ವೇರ್, ಉಚಿತ. ಒಳ್ಳೆಯ ಅಡ್ಮಿನ್ ಒಬ್ಬರಿದ್ದರೆ ಸಹಕಾರಿ ಸಂಘವೋ ಕಾಲೇಜೋ ಅದನ್ನು ತಾನೇ ನಡೆಸಬಹುದು. ಉನ್ನತ ಶಿಕ್ಷಣದಲ್ಲಿ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಇನ್‌ಫೆಡ್ ಒಕ್ಕೂಟದ ಮೂಲಕ, ಸದಸ್ಯ ಸಂಸ್ಥೆಗಳ ಓದುಗರು ತಮ್ಮ ಸಂಸ್ಥೆಯ ಲಾಗಿನ್ನಿನಿಂದಲೇ ಮನೆಯಲ್ಲಿ ಕೂತು ಸಂಶೋಧನ ಪತ್ರಿಕೆಗಳನ್ನು ತೆರೆಯಬಹುದು. ಒಂದು ಊರಿನ ವಿಶ್ವವಿದ್ಯಾಲಯದ ಮಾತನ್ನು ಸಾಗರದಾಚೆಯ ಪ್ರಕಾಶಕರು ನಂಬುವ ಈ ಏರ್ಪಾಡು ಹಳ್ಳಿಯ ವಿದ್ಯಾರ್ಥಿಗೆ ದೊಡ್ಡ ಉಪಕಾರ.

ಯಾರು ಎಂಬುದು ಬೇರೆ, ಏನು ಮಾಡಬಹುದು ಎಂಬುದು ಬೇರೆ

ಗುರುತು ಸರ್ವರ್ ಹೇಳುವುದು ‘ಇವರು ಯಾರು’ ಎಂದು ಮಾತ್ರ. ಐದು ಲಕ್ಷದ ಸಾಲ ಮಂಜೂರು ಮಾಡಬಹುದೇ ಎಂಬುದನ್ನು ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರೇ ನಿರ್ಧರಿಸಬೇಕು. ಬ್ಯಾಂಕಿನಲ್ಲಿ ನಮೂದಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಎಂಬ ಮೇಕರ್-ಚೆಕರ್ ನಿಯಮ ಇರುವುದು ಇದಕ್ಕಾಗಿ. ಒಬ್ಬರ ಐಡಿಯಲ್ಲಿ ಇನ್ನೊಬ್ಬರು ಕೂತರೆ ಎಂಥ ಸಿಂಗಲ್ ಸೈನ್-ಆನ್ ಇದ್ದರೂ ಈ ನಿಯಮ ಸತ್ತಂತೆಯೇ.

ಸಾಫ್ಟ್‌ವೇರ್‌ಗಳ ನಡುವೆ ಕೊಂಡಿ ಇಲ್ಲದಿದ್ದರೂ ನಿಯಮಗಳು ಕೈಕೊಡುತ್ತವೆ. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದಲ್ಲಿ, ವಿದೇಶಿ ಬ್ಯಾಂಕುಗಳಿಗೆ ಸಂದೇಶ ಕಳುಹಿಸುವ ಸ್ವಿಫ್ಟ್ ವ್ಯವಸ್ಥೆಗೂ ಕೋರ್ ಬ್ಯಾಂಕಿಂಗಿಗೂ ಕೊಂಡಿ ಇರಲಿಲ್ಲ. ಒಂದರಲ್ಲಿ ಹೊರಟ ಸಂದೇಶದ ಸುಳಿವು ಇನ್ನೊಂದರಲ್ಲಿ ಸಿಗಲಿಲ್ಲ. ಬಳಿಕ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಇವೆರಡನ್ನು ಜೋಡಿಸುವಂತೆ ಗಡುವು ವಿಧಿಸಿತು. ಸಂಸ್ಥೆಯ ಮುಖ್ಯ ವ್ಯವಸ್ಥೆಯ ಹೊರಗೆ ಒಂಟಿಯಾಗಿ ಉಳಿದ ಸಾಫ್ಟ್‌ವೇರ್ ಎಷ್ಟು ಅಪಾಯ ತರಬಲ್ಲದು ಎಂಬುದಕ್ಕೆ ಇದು ದೊಡ್ಡ ಸಾಕ್ಷಿ.

ಬ್ಯಾಂಕುಗಳು ಒಂದಾದಾಗ

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಕರಾವಳಿಯ ಮನೆಮನೆಗೂ ತಟ್ಟಿದ ಸಂಗತಿ ಇದು. ಅಜ್ಜನ ಕಾಲದ ಪಾಸ್‌ಬುಕ್ಕಿನ ಹೆಸರು ಬದಲಾದ ನೋವನ್ನು ಜನ ಮಾತಾಡಿದಷ್ಟು, ಒಳಗೆ ಕಂಪ್ಯೂಟರುಗಳಲ್ಲಿ ಆಗಬೇಕಾಗುವ ಕೆಲಸದ ಬಗ್ಗೆ ಮಾತಾಡಲಿಲ್ಲ.

ಎರಡು ದೊಡ್ಡ ಸಂಸ್ಥೆಗಳು ಒಂದಾದರೆ ಎರಡು ಸಿಬ್ಬಂದಿ ಪಟ್ಟಿಗಳು ಎದುರುಬದುರಾಗುತ್ತವೆ. ಎರಡೂ ಕಡೆ ಒಂದೇ ಸಿಬ್ಬಂದಿ ಸಂಖ್ಯೆ ಬೇರೆ ಬೇರೆಯವರಿಗೆ ಇರಬಹುದು. ದಕ್ಷಿಣ ಕನ್ನಡದಲ್ಲಂತೂ ಶೆಟ್ಟಿ, ಪೈ, ಭಟ್, ಡಿಸೋಜ ಎಂಬ ಹೆಸರುಗಳಲ್ಲಿ ಒಂದೇ ಇನಿಷಿಯಲ್ ಇರುವವರು ಎಷ್ಟೋ ಮಂದಿ, ಇಮೇಲ್ ಐಡಿಗಳು ಡಿಕ್ಕಿ ಹೊಡೆಯುವುದು ಖಂಡಿತ. ಇಂಥ ಸಂದರ್ಭದಲ್ಲಿ ಮೊದಲು ಎರಡೂ ಗುರುತು ಸರ್ವರ್‌ಗಳ ನಡುವೆ ನಂಬಿಕೆಯ ಕೊಂಡಿ ಹಾಕುತ್ತಾರೆ. ಹಳೆಯ ಐಡಿಯಲ್ಲೇ ಲಾಗಿನ್ ಆದವರಿಗೆ ಹೊಸ ಸಂಸ್ಥೆಯ ಸಾಫ್ಟ್‌ವೇರ್ ತೆರೆಯುತ್ತದೆ. ಬಳಿಕ ನಿಧಾನವಾಗಿ ಒಬ್ಬೊಬ್ಬರಿಗೂ ಎಂದೂ ಬದಲಾಗದ, ಹೆಸರಿಗೂ ಊರಿಗೂ ಸಂಬಂಧವಿಲ್ಲದ ಒಂದು ಸಂಖ್ಯೆ ಕೊಟ್ಟು ಪಟ್ಟಿಗಳನ್ನು ಒಂದು ಮಾಡುತ್ತಾರೆ. ಇಮೇಲನ್ನೇ ಗುರುತಾಗಿ ಇಟ್ಟುಕೊಂಡ ಸಂಸ್ಥೆಗಳಿಗೆ ಈ ಹೊತ್ತಿನಲ್ಲಿ ಬಹಳ ಕಷ್ಟ. ಮದುವೆಯಾಗಿ ಹೆಸರು ಬದಲಿಸಿಕೊಂಡ ನೌಕರೆಯ ಹಳೆಯ ಫೈಲುಗಳು ಕಾಣದೆ ಹೋಗುವುದಕ್ಕೂ ಇದೇ ಕಾರಣ.

ಕೆಲಸ ಬಿಟ್ಟ ದಿನ

ಸಿಂಗಲ್ ಸೈನ್-ಆನ್‌ನ ನಿಜವಾದ ಬೆಲೆ ತಿಳಿಯುವುದು ನೌಕರ ಸೇರಿದ ದಿನವಲ್ಲ, ಬಿಟ್ಟ ದಿನ. ಹತ್ತು ಸಾಫ್ಟ್‌ವೇರ್‌ಗಳಲ್ಲಿ ಹತ್ತು ಐಡಿ ಇದ್ದ ಕಾಲದಲ್ಲಿ, ರಾಜೀನಾಮೆ ಕೊಟ್ಟವರ ಐಡಿಗಳನ್ನು ಒಂದೊಂದಾಗಿ ಮುಚ್ಚಬೇಕಿತ್ತು. ಎರಡೋ ಮೂರೋ ಮರೆತು ಉಳಿಯುತ್ತಿದ್ದವು. ನಿವೃತ್ತರಾದವರ, ಕೆಲವೊಮ್ಮೆ ತೀರಿಹೋದವರ ಐಡಿ ಕೂಡ ಚಾಲ್ತಿಯಲ್ಲಿ ಇರುವುದನ್ನು ಆಡಿಟರುಗಳು ಹುಡುಕಿ ತೆಗೆಯುತ್ತಾರೆ. ಗುರುತು ಸರ್ವರ್ ಇರುವಲ್ಲಿ ಐಡಿಯನ್ನು ಒಂದು ಕಡೆ ಮುಚ್ಚಿದರೆ ಹೊಸ ಪತ್ರ ಯಾವ ಸಾಫ್ಟ್‌ವೇರಿಗೂ ಹೋಗುವುದಿಲ್ಲ. ಸಿಬ್ಬಂದಿ ವಿಭಾಗ ‘ಕೊನೆಯ ದಿನ’ ಎಂದು ನಮೂದಿಸಿದೊಡನೆ ಇದು ತಾನಾಗಿಯೇ ಆಗುವಂತೆ ಜೋಡಿಸುವುದು ಸಾಧ್ಯ, ಜೋಡಿಸಲೇಬೇಕು. ಆ ವಿಭಾಗದವರು ತಿಂಗಳ ಕೊನೆಗೆ ಒಟ್ಟಿಗೆ ನಮೂದಿಸಿದರೆ ತಂತ್ರಜ್ಞಾನದಿಂದ ಏನೂ ಪ್ರಯೋಜನವಿಲ್ಲ.

ಆದರೂ ಒಂದು ತೂತು ಉಳಿಯುತ್ತದೆ. ಪತ್ರ ನೋಡಿ ಒಳಬಿಟ್ಟ ಮೇಲೆ ಪ್ರತಿ ಸಾಫ್ಟ್‌ವೇರೂ ತನ್ನದೇ ಕುಕಿ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ ಐಡಿ ಮುಚ್ಚಿದರೂ ಬೆಳಿಗ್ಗೆ ತೆರೆದಿಟ್ಟ ಪುಟ ಸಂಜೆಯವರೆಗೆ ನಡೆಯಬಹುದು, ಮೊಬೈಲ್ ಆ್ಯಪ್‌ನಲ್ಲಿ ಇನ್ನೂ ಹೆಚ್ಚು ದಿನ. ಪತ್ರದ ಆಯುಸ್ಸು ಐದು ನಿಮಿಷ ಎಂದು ಸಮಾಧಾನಪಟ್ಟುಕೊಳ್ಳುವ ಮುನ್ನ, ಒಳಗೆ ಬಿಟ್ಟ ಮೇಲಿನ ಆಯುಸ್ಸು ಎಷ್ಟೆಂದು ಪ್ರತಿ ಸಾಫ್ಟ್‌ವೇರಿಗೂ ಕೇಳಬೇಕು. ಖಾತೆಗಳನ್ನು ತಾನಾಗಿ ಸೃಷ್ಟಿಸಿ ಅಳಿಸುವ ಸ್ಕಿಮ್ ಎಂಬ ಮಾನಕ 2015ರಲ್ಲಿ ಪ್ರಕಟವಾಯಿತು, ಅದು ಈ ಕೊರತೆಯನ್ನು ತುಂಬುವುದಕ್ಕೂ ನೆರವಾಗುತ್ತದೆ.

ಎಲ್ಲವೂ ಒಂದೇ ಕಡೆ ಇರುವ ಅಪಾಯ

ಪಾಸ್‌ವರ್ಡ್ ಒಂದೇ ಕಡೆ ಇದ್ದರೆ ಕಳ್ಳನ ಕಣ್ಣೂ ಅಲ್ಲೇ. ಸೋಲಾರ್‌ವಿಂಡ್ಸ್ ಕಂಪನಿಯ ಸಾಫ್ಟ್‌ವೇರ್ ಮೂಲಕ ನಡೆದು 2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ದಾಳಿಯಲ್ಲಿ, ನುಸುಳಿದವರು ಕೆಲವು ಸಂಸ್ಥೆಗಳ ಗುರುತು ಸರ್ವರಿನ ಸಹಿಯ ಕೀಲಿಯನ್ನೇ ಕದ್ದರು. ಸಹಿ ಕೈಗೆ ಬಂದ ಮೇಲೆ ಯಾರ ಹೆಸರಿನಲ್ಲಿ ಬೇಕಾದರೂ ಅಸಲಿ ಪತ್ರ ಬರೆಯಬಹುದಿತ್ತು, ಪಾಸ್‌ವರ್ಡೂ ಬೇಡ, ಮೊಬೈಲ್ ಕೋಡೂ ಬೇಡ. ಸೈಬರ್‌ಆರ್ಕ್ ಕಂಪನಿಯ ಸಂಶೋಧಕರು 2017ರಲ್ಲೇ ‘ಗೋಲ್ಡನ್ ಸ್ಯಾಮಲ್’ ಎಂದು ಹೆಸರಿಟ್ಟು ಎಚ್ಚರಿಸಿದ್ದ ದಾಳಿ ಅದು. ಸಹಿಯ ಕೀಲಿಯನ್ನು ನಕಲು ಮಾಡಲಾಗದ ವಿಶೇಷ ಯಂತ್ರದೊಳಗೆ ಇಡಬೇಕು ಎನ್ನುವುದು ಈ ಕಾರಣಕ್ಕೆ.

ಮನುಷ್ಯನ ದಣಿವನ್ನು ಬಳಸಿಕೊಂಡ ದಾಳಿ ಇನ್ನೊಂದು ಬಗೆಯದು. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯ ಗುತ್ತಿಗೆದಾರರೊಬ್ಬರ ಮೊಬೈಲಿಗೆ ‘ಲಾಗಿನ್‌ಗೆ ಒಪ್ಪಿಗೆಯೇ?’ ಎಂಬ ಕೋರಿಕೆ ಮೇಲಿಂದ ಮೇಲೆ ಬಂತು. ಕೊನೆಗೊಮ್ಮೆ ಅವರು ಒಪ್ಪಿಗೆ ಒತ್ತಿದರು, ದಾಳಿಕೋರ ಒಳಗೆ ಬಂದ. ಈಗ ಹಲವು ವ್ಯವಸ್ಥೆಗಳು ಪರದೆಯ ಮೇಲೆ ಕಂಡ ಸಂಖ್ಯೆಯನ್ನು ಮೊಬೈಲಿನಲ್ಲಿ ನಮೂದಿಸಲು ಹೇಳುತ್ತವೆ. ಅದಕ್ಕಿಂತ ಗಟ್ಟಿಯಾದದ್ದು ಪಾಸ್‌ವರ್ಡಿನ ಬದಲು ಡಿಜಿಟಲ್ ಕೀಲಿ ಬಳಸುವ ಪಾಸ್‌ಕೀ: ನಕಲಿ ಸೈಟಿನಲ್ಲಿ ಅದು ಕೆಲಸವನ್ನೇ ಮಾಡುವುದಿಲ್ಲ. ಗುರುತು ಸರ್ವರ್ ಇರುವ ಪ್ರತಿ ಸಂಸ್ಥೆಯೂ ಕೊನೆಯ ಪಕ್ಷ ಅಡ್ಮಿನ್‌ಗಳಿಗಾದರೂ ಇದನ್ನು ಕಡ್ಡಾಯ ಮಾಡಬೇಕು.

ಗುರುತು ಸರ್ವರ್ ನಿಂತರೆ ಎಲ್ಲವೂ ನಿಲ್ಲುತ್ತದೆ ಎಂಬುದೂ ನಿಜ. ಆಸ್ಪತ್ರೆಯಲ್ಲಿ ಅದು ಜೀವದ ಪ್ರಶ್ನೆ. ಅದಕ್ಕೆಂದೇ ತುರ್ತು ಐಡಿ ಒಂದನ್ನು ಸಿಂಗಲ್ ಸೈನ್-ಆನ್‌ನ ಹೊ‌ರಗೆ ಸೃಷ್ಟಿಸಿ, ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯೊಳಗೆ ಇಡುವ ಪದ್ಧತಿ ಇದೆ. ಲಕೋಟೆ ಒಡೆದರೆ ಯಾರು, ಏಕೆ ಒಡೆದರು ಎಂದು ದಾಖಲಾಗಬೇಕು.

ಊರಿನ ಸೈಬರ್ ಸೆಂಟರಿನಲ್ಲಿ

ಕಂಪನಿಗಳ ಈ ವ್ಯವಸ್ಥೆ ಈಗ ಸರ್ಕಾರದ ಸೇವೆಗಳ ಮೂಲಕ ಎಲ್ಲರ ಕೈಗೂ ಬಂದಿದೆ. 2022ರ ಜುಲೈ 4ರಂದು ಗಾಂಧಿನಗರದ ಡಿಜಿಟಲ್ ಇಂಡಿಯಾ ಸಪ್ತಾಹದಲ್ಲಿ ಪ್ರಧಾನಿ ‘ಮೇರಿ ಪೆಹಚಾನ್’ ಎಂಬ ರಾಷ್ಟ್ರೀಯ ಸಿಂಗಲ್ ಸೈನ್-ಆನ್ ಉದ್ಘಾಟಿಸಿದರು. ಡಿಜಿಲಾಕರ್, ಇ-ಪ್ರಮಾಣ್, ಜನ ಪರಿಚಯ್ ಎಂಬ ಮೂರು ಗುರುತು ಸರ್ವರ್‌ಗಳು ಅದರ ಬೆನ್ನಿಗಿವೆ. ಸರ್ಕಾರಿ ನೌಕರರಿಗೆ ಎನ್‌ಐಸಿಯ ‘ಪರಿಚಯ್’ ಬೇರೆ ಇದೆ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಹೊಸದಾಗಿ ನೋಂದಾಯಿಸುವವರನ್ನು ಮೇರಿ ಪೆಹಚಾನ್ ಪುಟಕ್ಕೆ ಕಳುಹಿಸುವುದನ್ನು ಅರ್ಜಿ ಹಾಕಿದ ಹಲವರು ಕಂಡಿರುತ್ತಾರೆ. ಮೇಲೆ ವಿವರಿಸಿದ ಪಯಣವೇ ಅಲ್ಲೂ ನಡೆಯುವುದು.

ಆದರೆ ಕಂಪನಿಯ ನೌಕರನಿಗೆ ತನ್ನದೇ ಲ್ಯಾಪ್‌ಟಾಪ್ ಇದೆ. ಫರಂಗಿಪೇಟೆಯ ಹಿರಿಯರೊಬ್ಬರು ಪಿಂಚಣಿಗೆ ಅರ್ಜಿ ಹಾಕುವುದು ಸೈಬರ್ ಸೆಂಟರಿನ ಅಥವಾ ಗ್ರಾಮ ಒನ್ ಕೇಂದ್ರದ ಕಂಪ್ಯೂಟರಿನಲ್ಲಿ, ಒಟಿಪಿಯನ್ನು ಓದಿ ಹೇಳುವುದು ಬೇರೆಯವರಿಗೆ. ಅರ್ಜಿ ಮುಗಿದು ಆ ಸೈಟಿನಿಂದ ಲಾಗೌಟ್ ಆದರೂ ಗುರುತು ಸರ್ವರಿನ ಕುಕಿ ಬ್ರೌಸರಿನಲ್ಲೇ ಉಳಿದಿರಬಹುದು. ಹಾಗೆ ಉಳಿದರೆ ಮುಂದೆ ಬಂದು ಕೂತವರಿಗೆ ಆ ಹಿರಿಯರ ಹೆಸರಿನಲ್ಲಿ ಇನ್ನೊಂದು ಸೇವೆ ತೆರೆಯುವ ಸಾಧ್ಯತೆ ಇದೆ. ಎಲ್ಲದರಿಂದ ಒಮ್ಮೆಗೇ ಹೊರಬರುವ ‘ಸಿಂಗಲ್ ಲಾಗೌಟ್’ ಸ್ಯಾಮಲ್‌ನಲ್ಲಿ 2005ರಿಂದಲೂ ಇದೆ. ಆದರೆ ಜೋಡಿಸಿದ ಸೈಟುಗಳಲ್ಲಿ ಒಂದು ಉತ್ತರಿಸದಿದ್ದರೂ ಸರಪಳಿ ಕಡಿಯುವುದರಿಂದ ಅದನ್ನು ಪೂರ್ತಿ ನಂಬುವಂತಿಲ್ಲ.

ಸೆಂಟರ್ ನಡೆಸುವವರು ಪ್ರತಿ ಗಿರಾಕಿಗೂ ಬ್ರೌಸರಿನ ಪ್ರೈವೇಟ್ ವಿಂಡೋ ತೆರೆದು, ಕೆಲಸ ಮುಗಿದ ಮೇಲೆ ಅದನ್ನು ಮುಚ್ಚಿದರೆ ಕುಕಿಗಳು ಅಳಿದುಹೋಗುತ್ತವೆ. ಅರ್ಜಿದಾರರ ಜೊತೆ ಬಂದ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಕೇಳಿ ಮಾಡಿಸಬಹುದು. ಒಟಿಪಿ ಹೇಳುವ ಮುಂಚೆ ಮೊಬೈಲಿನ ಸಂದೇಶದಲ್ಲಿ ಅದು ಯಾವ ಸೇವೆಗೆ ಎಂದು ಬರೆದಿರುವುದನ್ನು ಪೂರ್ತಿ ಓದಿ, ಪರದೆಯ ಮೇಲಿನ ಅರ್ಜಿಗೂ ಅದಕ್ಕೂ ಹೊಂದುತ್ತದೆಯೇ ಎಂದು ನೋಡಬೇಕು. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬದಲಾಗಿದ್ದರೆ, ಹಳೆಯ ಸಿಮ್ ಇನ್ನೊಬ್ಬರ ಕೈಸೇರುವ ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ ಹೊಸ ಸಂಖ್ಯೆ ನೋಂದಾಯಿಸಬೇಕು.